ತಲೆಕೆಳಗಾದ ಸತ್ಯ, ನೆಟ್ಟಗಿನ ಮಿಥ್ಯೆ

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿಯ ವಿಜ್ಞಾನ ಓದಿದವರಿಗೆ ಬೆಳಕಿನ ಪಾಠದ ಎರಡು ಮಾತು ನೆನಪಿರುತ್ತವೆ. ನಿಮ್ನ ದರ್ಪಣದಿಂದ ವಸ್ತು ಸಾಕಷ್ಟು ದೂರದಲ್ಲಿದ್ದರೆ ಮೂಡುವ ಪ್ರತಿಬಿಂಬ ಸತ್ಯ ಮತ್ತು ತಲೆಕೆಳಗಾದದ್ದು. ಪೀನ ದರ್ಪಣದಲ್ಲಿ ಕಾಣುವ ಪ್ರತಿಬಿಂಬ ಯಾವಾಗಲೂ ಮಿಥ್ಯ ಮತ್ತು ನೇರ. ಪರೀಕ್ಷೆಗೆ ಬಾಯಿಪಾಠ ಮಾಡುವ ಭರದಲ್ಲಿ ಈ ಮಾತಿನೊಳಗಿನ ವಿಚಿತ್ರ ಯಾರ ಗಮನಕ್ಕೂ ಬರುವುದಿಲ್ಲ. ಮುಖ ಇದ್ದ ಹಾಗೇ ನೆಟ್ಟಗೆ ಕಂಡರೆ ಅದು ಮಿಥ್ಯ. ಗಲ್ಲ ಮೇಲಾಗಿ ಹಣೆ ಕೆಳಗಾಗಿ ಕಂಡರೆ ಅದು ಸತ್ಯ! ಪಠ್ಯ ಬರೆದವರು ವೇದಾಂತದ ಮನೆಯಿಂದ ಎರಡು ಹಳೆಯ ಪಾತ್ರೆಗಳನ್ನು ಎರವಲು ತಂದು ಭೌತವಿಜ್ಞಾನದ ಅಡುಗೆಗೆ ಬಳಸಿದ್ದಾರೆ. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುವುದು ನಮ್ಮ ಮನೆಗಳ ರೂಢಿ. ಹಾಗಾದರೆ ಬಾಗಿದ ಕನ್ನಡಿಯ ವಿಜ್ಞಾನ ಆ ಪಾತ್ರೆಗಳಲ್ಲಿ ವೇದಾಂತಕ್ಕೆ ಏನನ್ನು ಹಾಕಿ ಕಳಿಸಬಹುದು? ಪ್ರಶ್ನೆಯನ್ನು ನೇರವಾಗಿ ಕೇಳುವುದಾದರೆ ಹೀಗೆ: ಮನುಷ್ಯನ ಮನಸ್ಸು ದೇವರನ್ನು ತನ್ನ ಆಕಾರಕ್ಕೆ ತಕ್ಕಂತೆ ಬಾಗಿಸಿಯೇ ನೋಡುತ್ತದೆ ಎಂದಾದರೆ, ಹಾಗೆ ಕಂಡದ್ದೆಲ್ಲ ಸುಳ್ಳೇ? ಬಾಗಿ ಕಂಡ ಮಾತ್ರಕ್ಕೆ ಸುಳ್ಳಾಗುವುದಿಲ್ಲ, ನೆಟ್ಟಗೆ ಕಂಡ ಮಾತ್ರಕ್ಕೆ ನಿಜವೂ ಆಗುವುದಿಲ್ಲ ಎಂಬುದು ಈ ಬರಹದ ವಾದ.

ಮೊದಲು ಕನ್ನಡಿಯ ಮಾತು. ಬಾಗಿದ ಕನ್ನಡಿಗೆಂದು ಬೇರೆ ಕಾನೂನೇನೂ ಇಲ್ಲ. ಗೋಡೆಯ ಮೇಲಿನ ಚಪ್ಪಟೆ ಕನ್ನಡಿ ಯಾವ ನಿಯಮಕ್ಕೆ ತಲೆಬಾಗುತ್ತದೋ ಸ್ಟೀಲ್ ಚಮಚದ ಒಳಮೈಯೂ ಅದಕ್ಕೇ ತಲೆಬಾಗುತ್ತದೆ. ಬೆಳಕಿನ ಕಿರಣ ಮೇಲ್ಮೈಯ ಲಂಬದೊಡನೆ ಎಷ್ಟು ಕೋನ ಮಾಡಿ ಬಂದು ಬೀಳುತ್ತದೋ ಅಷ್ಟೇ ಕೋನದಲ್ಲಿ ಆಚೆ ಬದಿಗೆ ಹೊರಳುತ್ತದೆ. ವ್ಯತ್ಯಾಸವಿರುವುದು ಲಂಬದಲ್ಲಿ. ಚಪ್ಪಟೆ ಕನ್ನಡಿಯಲ್ಲಿ ಎಲ್ಲ ಲಂಬಗಳೂ ಒಂದೇ ದಿಕ್ಕಿಗೆ; ಬಾಗಿದ ಕನ್ನಡಿಯಲ್ಲಿ ಒಂದೊಂದು ಚುಕ್ಕೆಯ ಲಂಬ ಒಂದೊಂದು ದಿಕ್ಕಿಗೆ. ಒಳಬಾಗಿನ ನಿಮ್ನ ದರ್ಪಣದ ಮೇಲೆ ದೂರದಿಂದ ಸಮಾಂತರವಾಗಿ ಬಂದ ಕಿರಣಗಳು ಕನ್ನಡಿಗೂ ಅದರ ವಕ್ರತಾ ಕೇಂದ್ರಕ್ಕೂ ಹೆಚ್ಚುಕಡಿಮೆ ನಡುವೆ ಒಂದೆಡೆ ಕೂಡುತ್ತವೆ. ಪಠ್ಯದ ಭಾಷೆಯಲ್ಲಿ ಅದು ಸಂಗಮ. ಹೊರಬಾಗಿನ ಪೀನ ದರ್ಪಣ ಅದೇ ಕಿರಣಗಳನ್ನು ಚದರಿಸುತ್ತದೆ. ಚದರಿದವನ್ನು ಹಿಂದಕ್ಕೆ ಗೆರೆ ಎಳೆದು ನೋಡಿದರೆ ಕನ್ನಡಿಯ ಬೆನ್ನ ಹಿಂದಿನ ಒಂದು ಬಿಂದುವಿನಿಂದ ಹೊರಟಂತೆ ತೋರುತ್ತವೆ. ‘ಹೆಚ್ಚುಕಡಿಮೆ’ ಎಂದದ್ದಕ್ಕೆ ಕಾರಣವಿದೆ. ಗೋಳಾಕಾರದ ಕನ್ನಡಿಯ ಅಂಚಿಗೆ ಬಿದ್ದ ಕಿರಣಗಳು ನಡುವಿಗೆ ಬಿದ್ದವು ಕೂಡುವಲ್ಲಿ ಕೂಡುವುದಿಲ್ಲ. ಎಳೆಬಿಸಿಲಿನಲ್ಲಿಟ್ಟ ಸ್ಟೀಲ್ ಲೋಟದ ಹಾಲಿನ ಮೇಲೆ, ಲೋಟದ ಒಳಗೋಡೆಯಿಂದ ಮರಳಿದ ಬೆಳಕು ಒಂದು ಚೂಪು ತುದಿಯ ಹೊಳೆವ ಕೊಂಕು ಗೆರೆ ಬರೆಯುತ್ತದಲ್ಲ, ಅದು ಒಂದೆಡೆ ಕೂಡಲಾರದ ಕಿರಣಗಳ ಗುರುತು. ನಿಯಮ ಒಂದೇ, ಬೆಳಕೂ ಒಂದೇ. ಬಾಗು ಬೇರೆಯಾದರೆ ಕಾಣುವುದು ಬೇರೆ.

ಒಂದು ನಿಮ್ನ ದರ್ಪಣದ ಸಂಗಮ ದೂರ 20 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಕತ್ತಲ ಕೋಣೆಯಲ್ಲಿ ಅದರ ಮುಂದೆ 60 ಸೆಂ.ಮೀ. ದೂರದಲ್ಲಿ ಮೇಣದ ಬತ್ತಿ ಹಚ್ಚಿಟ್ಟು, ಕನ್ನಡಿಯಿಂದ 30 ಸೆಂ.ಮೀ. ದೂರಕ್ಕೆ, ಬತ್ತಿಗೆ ಅಡ್ಡವಾಗದಂತೆ ಸ್ವಲ್ಪ ಪಕ್ಕಕ್ಕೆ ಬಿಳಿ ಕಾಗದ ಹಿಡಿದರೆ ಅದರ ಮೇಲೆ ಅರ್ಧ ಗಾತ್ರದ ಜ್ವಾಲೆ ತಲೆಕೆಳಗಾಗಿ ಮೂಡುತ್ತದೆ. ಗಾಳಿಗೆ ಬತ್ತಿ ನಡುಗಿದರೆ ಕಾಗದದ ಮೇಲಿನ ಜ್ವಾಲೆಯೂ ನಡುಗುತ್ತದೆ. ಬತ್ತಿಯನ್ನು 30 ಸೆಂ.ಮೀ.ಗೆ ತಂದರೆ ಪ್ರತಿಬಿಂಬ 60 ಸೆಂ.ಮೀ.ಗೆ ಸರಿದು ಎರಡು ಪಟ್ಟು ದೊಡ್ಡದಾಗುತ್ತದೆ. ಸರಿಯಾಗಿ 20ಕ್ಕೆ ತಂದರೆ ಕಾಗದವನ್ನು ಎಲ್ಲಿ ಹಿಡಿದರೂ ಸ್ಪಷ್ಟ ಜ್ವಾಲೆ ಸಿಗುವುದಿಲ್ಲ. ಕಿರಣಗಳು ಸಮಾಂತರವಾಗಿ ಹೊರಟುಬಿಟ್ಟಿರುತ್ತವೆ. ಇನ್ನೂ ಒಳಗೆ, 10 ಸೆಂ.ಮೀ.ಗೆ ತಂದರೆ ಕಾಗದದ ಕೆಲಸ ಮುಗಿಯಿತು. ಆದರೆ ಕನ್ನಡಿಯೊಳಗೆ ಇಣುಕಿದರೆ ಬೆನ್ನ ಹಿಂದೆ 20 ಸೆಂ.ಮೀ. ಆಳದಲ್ಲಿ ಇಮ್ಮಡಿ ಗಾತ್ರದ ಜ್ವಾಲೆ ನೆಟ್ಟಗೆ ನಿಂತಿರುತ್ತದೆ. ಮೊದಲನೆಯದು ಸತ್ಯ, ಏಕೆಂದರೆ ಬೆಳಕು ನಿಜವಾಗಿ ಅಲ್ಲಿಗೆ ಬಂದು ಕೂಡಿದೆ. ಕಾಗದ ತೆಗೆದರೂ ಬರಿಗಾಳಿಯಲ್ಲಿ ಕೂಡುತ್ತಲೇ ಇರುತ್ತದೆ. ಕೊನೆಯದು ಮಿಥ್ಯ, ಏಕೆಂದರೆ ಕನ್ನಡಿಯ ಹಿಂದೆ ಬೆಳಕಿನ ಒಂದು ಎಳೆಯೂ ಹೋಗಿಲ್ಲ. ಹೀಗೆ, ಮೂಲವನ್ನು ಹೋಲುತ್ತದೆಯೇ ಇಲ್ಲವೇ ಎಂಬುದಕ್ಕೂ ಸತ್ಯ–ಮಿಥ್ಯಗಳ ವಿಂಗಡಣೆಗೂ ಸಂಬಂಧವೇ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಭೌತವಿಜ್ಞಾನದಲ್ಲಿ ಮಿಥ್ಯ ಎಂದರೆ ‘ಇಲ್ಲ’ ಎಂದಲ್ಲ. ಕನ್ನಡಿಯ ಹಿಂದಿನ ಆ ಜ್ವಾಲೆ ಎಷ್ಟು ಆಳದಲ್ಲಿದೆ, ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಬಹುದು, ಹತ್ತು ಜನ ನಿಂತು ನೋಡಿದರೆ ಹತ್ತೂ ಜನಕ್ಕೆ ಕಾಣುತ್ತದೆ, ಕ್ಯಾಮೆರಾಕ್ಕೂ ಸಿಗುತ್ತದೆ. ಅದ್ವೈತಿಗಳು ಮಿಥ್ಯಾ ಎಂಬ ಪದಕ್ಕೆ ಕೊಟ್ಟ ಅರ್ಥ ಇದಕ್ಕೆ ದೂರದ್ದಲ್ಲ. ಅವರ ಪ್ರಕಾರ ಮೊಲದ ಕೊಂಬು ಮಿಥ್ಯೆಯಲ್ಲ, ಅದು ಅಸತ್ತು, ಎಂದೂ ಯಾರಿಗೂ ತೋರದ್ದು. ತೋರುತ್ತದೆ ಆದ್ದರಿಂದ ಅಸತ್ತೆನ್ನುವಂತಿಲ್ಲ, ಮುಂದೆ ಬಾಧಿತವಾಗುತ್ತದೆ ಆದ್ದರಿಂದ ಸತ್ತೆನ್ನುವಂತಿಲ್ಲ, ಅಂಥದ್ದು ಮಿಥ್ಯೆ. ಆಡುಮಾತಿನಲ್ಲಿ ನಾವು ಈ ಪದವನ್ನು ಸುಳ್ಳಿಗೆ ಇನ್ನೊಂದು ಹೆಸರೆಂದು ಬಳಸಿ ಕೆಡಿಸಿದ್ದೇವೆ. ಲೋಕ ಮಿಥ್ಯೆ ಎಂದೊಡನೆ ಲೋಕವೇ ಇಲ್ಲವೆಂದು ಹೇಳಿದರೆಂದು ಕೆರಳುವವರಿಗೂ, ಹಾಗೇ ಹೇಳಿದರೆಂದು ಹಿಗ್ಗುವವರಿಗೂ ಕನ್ನಡಿಯ ಮುಂದಿನ ಮೇಣದ ಬತ್ತಿ ಒಳ್ಳೆಯ ಮೇಷ್ಟ್ರು.

ಕನ್ನಡಿಯಲ್ಲಿ ಕಂಡ ಮುಖ ಏನು ಎಂಬ ಚರ್ಚೆ ಅದ್ವೈತದ ಒಳಗೇ ಒಡಕು ತಂದಿತ್ತು. ಶಂಕರರ ಶಿಷ್ಯ ಪದ್ಮಪಾದರ ಪಂಚಪಾದಿಕಾ ಮತ್ತು ಅದಕ್ಕೆ ಪ್ರಕಾಶಾತ್ಮರು ಬರೆದ ವಿವರಣದ ಪಂಥ ಹೇಳುವುದು ಇದು: ಕನ್ನಡಿಯಲ್ಲಿ ಎರಡನೆಯ ಮುಖ ಹುಟ್ಟಿಲ್ಲ, ಕಾಣುತ್ತಿರುವುದು ಕೊರಳ ಮೇಲಿನ ಅದೇ ಮುಖ. ತಪ್ಪಿರುವುದು ಅದು ಕನ್ನಡಿಯಲ್ಲಿದೆ, ನನಗೆ ಎದುರಾಗಿದೆ ಎಂಬ ತಿಳಿವಳಿಕೆಯಲ್ಲಿ ಮಾತ್ರ. ಶಂಕರರ ಇನ್ನೊಬ್ಬ ಶಿಷ್ಯ ಸುರೇಶ್ವರರ ಹಾದಿ ಹಿಡಿದವರು ಇದನ್ನು ಒಪ್ಪಲಿಲ್ಲ. ಪ್ರತಿಬಿಂಬ ಮೂಲಕ್ಕಿಂತ ಬೇರೆಯಾದ ಆಭಾಸ, ಪೂರ್ತಿ ಮಿಥ್ಯೆ ಎಂದರು. ವಿವರಣ ಪಂಥದವರು ನೋಟವನ್ನು ವಿವರಿಸಿದ್ದು ಕಣ್ಣಿನಿಂದ ಹೊರಟ ಕಿರಣ ಕನ್ನಡಿಗೆ ತಾಕಿ ಹಿಂದಿರುಗಿ ಮುಖವನ್ನೇ ಹಿಡಿಯುತ್ತದೆ ಎಂದು. ಕಣ್ಣಿನಿಂದ ಬೆಳಕು ಹೊರಡುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು 11ನೇ ಶತಮಾನದಲ್ಲಿ ಇಬ್ನ್ ಅಲ್-ಹೈಥಮ್ ವಾದಿಸಿ ತೋರಿಸಿದ. ಅಲ್ಲಿಗೆ ಪದ್ಮಪಾದರ ವಾದ ಬಿದ್ದುಹೋಯಿತೇ? ಬೀಳಲಿಲ್ಲ. ಬೆಳಕು ಹೋದ ದಾರಿಯಲ್ಲೇ ಹಿಂತಿರುಗಿ ಬರಬಲ್ಲದು. ದಿಕ್ಕು ತಿರುವಿದರೂ ಗೆರೆ ಅದೇ ಉಳಿಯುತ್ತದೆ. ಕಣ್ಣಿಗೆ ತಲುಪುವುದು ಮುಖದಿಂದ ಹೊರಟ ಬೆಳಕೇ ಹೊರತು ಕನ್ನಡಿ ಹುಟ್ಟಿಸಿದ ಬೆಳಕಲ್ಲ. ನೋಡುತ್ತಿರುವುದು ಮೂಲವನ್ನೇ, ತಪ್ಪುತ್ತಿರುವುದು ಅದರ ಜಾಗ ಎಂಬ ಮಾತಿಗೆ ಆಧುನಿಕ ದೃಗ್ವಿಜ್ಞಾನದ ಆಕ್ಷೇಪವಿಲ್ಲ.

ಉಡುಪಿಯ ಕಡೆಗೆ ಬಂದರೆ ಚಿತ್ರ ಬೇರೆ. 13ನೇ ಶತಮಾನದ ಮಧ್ವಾಚಾರ್ಯರೂ ಜೀವನನ್ನು ಪ್ರತಿಬಿಂಬವೆಂದೇ ಕರೆದರು. ಆದರೆ ಜೀವ–ಬ್ರಹ್ಮ ಒಂದೇ ಎಂಬ ಅದ್ವೈತದ ಅಭೇದವನ್ನು ಮುರಿಯಲಿಕ್ಕೆ. ಪ್ರತಿಬಿಂಬವೆಂದರೆ ಬಿಂಬಕ್ಕೆ ಅಧೀನವಾದದ್ದು, ಅದನ್ನು ತುಸು ಹೋಲುವಂಥದ್ದು, ಅದರಿಂದ ಬೇರೆಯಾದದ್ದು, ಮತ್ತು ನಿಜವಾದದ್ದು. ಕನ್ನಡಿ ಒಡೆದರೆ ಅಳಿಯುವ ಮುಖದ ಉದಾಹರಣೆ ಇದಕ್ಕೆ ಒಗ್ಗುವುದಿಲ್ಲವೆಂದು ದ್ವೈತ ಸಂಪ್ರದಾಯ ಇನ್ನೊಂದನ್ನು ಹಿಡಿಯಿತು: ಸೂರ್ಯನಿಗೆ ಕಾಮನಬಿಲ್ಲು ಹೇಗೋ ಈಶನಿಗೆ ಜೀವ ಹಾಗೆ. ಇದಕ್ಕಿಂತ ಚೆಂದದ ಬಾಗಿದ ಕನ್ನಡಿ ಪ್ರಕೃತಿಯಲ್ಲಿ ಸಿಗುವುದು ಕಷ್ಟ. ಮಳೆಹನಿಯೊಳಗೆ ಹೊಕ್ಕ ಬಿಸಿಲು ಬಾಗುತ್ತದೆ, ಹನಿಯ ಹಿಂದಿನ ಒಳಗೋಡೆಗೆ ಬಡಿದು ನಿಮ್ನ ದರ್ಪಣದಿಂದ ಹೊರಳುವಂತೆ ಹೊರಳುತ್ತದೆ, ಹೊರಬರುವಾಗ ಮತ್ತೆ ಬಾಗಿ ಬಣ್ಣಗಳಾಗಿ ಬಿಚ್ಚಿಕೊಳ್ಳುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತವನ ನೆರಳಿನ ತಲೆಯಿಂದ ಸುಮಾರು 42 ಡಿಗ್ರಿ ಕೋನದಲ್ಲಿ ಕೆಂಪು ಕಮಾನು. ಅದು ಸೂರ್ಯನಂತೆ ಕಾಣುವುದಿಲ್ಲ, ಆದರೆ ಸೂರ್ಯನಿಲ್ಲದೆ ಇರುವುದೂ ಇಲ್ಲ. ಪಕ್ಕದಲ್ಲಿ ನಿಂತವನಿಗೆ ಕಾಣುವ ಬಿಲ್ಲು ಬೇರೆ ಹನಿಗಳದ್ದು. ಅಭೇದ ಹೇಳಿದವರೂ ಭೇದ ಹೇಳಿದವರೂ ಒಂದು ಮಾತಿನಲ್ಲಿ ಕೂಡುತ್ತಾರೆ: ಕಾಣುವುದಕ್ಕೆ ಮೂಲದೊಡನೆ ಕಡಿಯಲಾಗದ ಸಂಬಂಧವಿದೆ, ಆ ಸಂಬಂಧ ಹೋಲಿಕೆಯನ್ನು ಅವಲಂಬಿಸಿಲ್ಲ.

ಇಲ್ಲಿಂದ ವಾದದ ಮುಖ್ಯ ಹೆಜ್ಜೆ. ಬಾಗಿದ ಕನ್ನಡಿ ವಿರೂಪಗೊಳಿಸುತ್ತದೆ ನಿಜ, ಆದರೆ ಮನಬಂದಂತೆ ವಿರೂಪಗೊಳಿಸುವುದಿಲ್ಲ. ಘಾಟಿ ರಸ್ತೆಯ ಕುರುಡು ತಿರುವಿನಲ್ಲಿ ನಿಲ್ಲಿಸಿದ ಪೀನ ದರ್ಪಣದಲ್ಲಿ ಎದುರಿನ ಬಸ್ಸು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಯಾವ ಚಾಲಕನೂ ಬೆಂಕಿಪೊಟ್ಟಣ ಬರುತ್ತಿದೆ ಎಂದು ಮುನ್ನುಗ್ಗುವುದಿಲ್ಲ. ಕನ್ನಡಿ ಸುಳ್ಳು ಹೇಳುತ್ತಿದೆ ಎಂದು ಕಡೆಗಣಿಸುವುದೂ ಇಲ್ಲ. ಅದರ ಬಾಗಿನ ಅಂದಾಜು ಅವನಿಗಿದೆ, ಅಷ್ಟನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಗೇರ್ ಇಳಿಸುತ್ತಾನೆ. ಚಪ್ಪಟೆ ಕನ್ನಡಿಯಿಟ್ಟಿದ್ದರೆ ಬಸ್ಸು ಅದರ ಅಳತೆಗೇ ಕಂಡೀತು, ಆದರೆ ತಿರುವಿನ ಒಂದು ಸಣ್ಣ ತುಂಡು ಮಾತ್ರ ಕಂಡೀತು. ಬಾಗಿದ್ದರಿಂದಲೇ ಹೆಚ್ಚು ಕಂಡಿತು. ಮಗುವಿಗೆ ಬೆಣ್ಣೆ ಕೊಟ್ಟಂತೆ ಕೃಷ್ಣನಿಗೆ ಕೊಡುವವಳು, ಊರಿನ ಗಡಿ ಕಾಯುವ ಮಾರಿಯಮ್ಮನ ಮುಂದೆ ನಡುಗುವವನು, ಹೆಸರೂ ರೂಪವೂ ಬೇಡವೆಂದು ಶೂನ್ಯದಲ್ಲಿ ಕೂರುವವನು—ಇವರು ಕಂಡದ್ದು ಒಂದರಂತೆ ಇನ್ನೊಂದಿಲ್ಲ. ಅಷ್ಟರಿಂದ ಅವೆಲ್ಲ ಕಲ್ಪನೆ ಎಂದು ತೀರ್ಮಾನಿಸುವುದು, ಚಮಚದ ಒಳಮೈ ಹೊರಮೈಗಳಲ್ಲಿ ಮುಖ ಬೇರೆ ಬೇರೆಯಾಗಿ ಕಂಡದ್ದರಿಂದ ಮುಖವೇ ಇಲ್ಲ ಎಂದಂತೆ.

ಕಾಣುವವರು ಇಷ್ಟು ಜನರಾದರೆ ಕಂಡದ್ದು ತುಂಡಾಗುವುದಿಲ್ಲವೇ ಎಂಬ ಹಳೆಯ ಶಂಕೆಗೂ ನಿಮ್ನ ದರ್ಪಣ ಉತ್ತರ ಕೊಡುತ್ತದೆ. ಕಾಗದದ ಮೇಲೆ ಜ್ವಾಲೆ ಮೂಡಿರುವಾಗ ಕನ್ನಡಿಯ ಅರ್ಧವನ್ನು ರಟ್ಟಿನಿಂದ ಮುಚ್ಚಿದರೆ ಏನಾಗುತ್ತದೆ ಎಂದು ಕೇಳಿದರೆ ಬಹಳ ಜನ ಜ್ವಾಲೆಯೂ ಅರ್ಧವಾಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಜ್ವಾಲೆ ಇಡಿಯಾಗಿಯೇ ಇರುತ್ತದೆ, ಬೆಳಕು ಮಾತ್ರ ಮಂಕಾಗುತ್ತದೆ. ಜ್ವಾಲೆಯ ಪ್ರತಿ ಬಿಂದುವೂ ಇಡೀ ಕನ್ನಡಿಗೆ ಬೆಳಕು ಕಳಿಸಿರುತ್ತದೆ; ಕನ್ನಡಿಯ ಪ್ರತಿ ಚೂರಿಗೂ ಇಡೀ ಜ್ವಾಲೆ ತಲುಪಿರುತ್ತದೆ. ಚಿಕ್ಕ ಚೂರಿಗೆ ಸಿಗುವುದು ಪೂರ್ಣದ ಮಂಕಾದ ರೂಪ. ನಮ್ಮ ಪೂಜಾಪದ್ಧತಿಯಲ್ಲಿ ಇಂಥ ನಂಬಿಕೆಯ ಒಂದು ಮೌನ ಸಾಕ್ಷಿ ಇದೆ. ನೀರು ಸೋಕಿದರೆ ಕೆಡುವ ಚಿತ್ರಪಟಕ್ಕೋ ಮಣ್ಣಿನ ಮೂರ್ತಿಗೋ ಅಭಿಷೇಕವಾಗಬೇಕಾದಾಗ ಎದುರಿಗೆ ಕನ್ನಡಿ ಹಿಡಿದು, ಅದರಲ್ಲಿ ಮೂಡಿದ ಪ್ರತಿಬಿಂಬದ ಮೇಲೆ ನೀರೆರೆಯುತ್ತಾರೆ. ಅಂಗೈಯಗಲದ ಕನ್ನಡಿಯ ಮೇಲಿಂದ ನೀರು ಇಳಿದು ತಟ್ಟೆ ಸೇರುತ್ತದೆ. ಎದುರಿನ ದೇವರ ಮೈ ಒಣಗಿಯೇ ಇರುತ್ತದೆ. ಕನ್ನಡಿಯಲ್ಲಿರುವುದು ದೇವರಲ್ಲ ಎಂದು ಅರ್ಚಕರಿಗೆ ಗೊತ್ತು, ಅಭಿಷೇಕ ದೇವರಿಗೇ ಸಂದಿತು ಎಂದೂ ಗೊತ್ತು. ಪಂಚಪಾದಿಕಾ ಓದದೆಯೂ ಪದ್ಮಪಾದರ ಸಿದ್ಧಾಂತವನ್ನು ಆ ಕೈ ಆಚರಿಸುತ್ತಿದೆ.

ಈ ಕನ್ನಡಿಯ ಹೋಲಿಕೆಗೆ ಗಟ್ಟಿಯಾದ ಆಕ್ಷೇಪವೊಂದಿದೆ. ಕನ್ನಡಿಯ ವಿಷಯದಲ್ಲಿ ಕುತ್ತಿಗೆ ತಿರುಗಿಸಿ ಮೂಲವನ್ನೇ ನೋಡಬಹುದು, ಹೋಲಿಸಿ ಬಾಗನ್ನು ಅಳೆಯಬಹುದು. ದೇವರ ವಿಷಯದಲ್ಲಿ ತಿರುಗಿ ನೋಡಲು ಜಾಗವೆಲ್ಲಿದೆ? ತಿರುಗುವ ಕುತ್ತಿಗೆಯೂ ಬಾಗಿದ ಮನಸ್ಸೇ ಅಲ್ಲವೇ? ಈ ಆಕ್ಷೇಪಕ್ಕೆ ಉತ್ತರ ಆಕಾಶದಲ್ಲಿದೆ. 1990ರಲ್ಲಿ ಕಕ್ಷೆಗೆ ಏರಿಸಿದ ಹಬಲ್ ದೂರದರ್ಶಕದ ಮುಖ್ಯ ಕನ್ನಡಿಯ ವ್ಯಾಸ 2.4 ಮೀಟರ್. ಅದು ತೋರಿಸುವ ದೂರದ ಗೆಲಾಕ್ಸಿಗಳನ್ನು ಯಾರೂ ಬರಿಗಣ್ಣಿನಿಂದ ಹೋಲಿಸಿ ನೋಡಲಾರರು. ಆದರೂ ಮೊದಲ ಚಿತ್ರಗಳು ಬಂದೊಡನೆ ಕನ್ನಡಿಯಲ್ಲಿ ದೋಷವಿದೆ ಎಂದು ತಿಳಿಯಿತು. ಚುಕ್ಕೆಯಾಗಿ ಕೂಡಬೇಕಾದ ನಕ್ಷತ್ರದ ಬೆಳಕು ಸುತ್ತ ಮಬ್ಬಾಗಿ ಹರಡಿತ್ತು. ಹರಡಿದ ರೀತಿಯನ್ನೇ ಓದಿ ಕನ್ನಡಿಯ ಅಂಚು ಸುಮಾರು 2.2 ಮೈಕ್ರೊಮೀಟರ್‌ನಷ್ಟು ಹೆಚ್ಚು ಚಪ್ಪಟೆಯಾಗಿದೆ ಎಂದು ಲೆಕ್ಕ ಹಾಕಿದರು. ಅದು ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಇನ್ನೂ ದೊಡ್ಡ ಪಾಠ. ಕನ್ನಡಿಯ ಆಕಾರವನ್ನು ಪರೀಕ್ಷಿಸುವ ಮುಖ್ಯ ಉಪಕರಣದಲ್ಲೇ ಒಂದು ಮಸೂರ 1.3 ಮಿ.ಮೀ. ಜರುಗಿತ್ತು. ಬೇರೆ ಎರಡು ಪರೀಕ್ಷೆಗಳು ದೋಷದ ಸುಳಿವು ಕೊಟ್ಟಿದ್ದರೂ, ಅವು ಅಷ್ಟು ನಿಖರವಲ್ಲ ಎಂದು ಬದಿಗಿಟ್ಟಿದ್ದರು. ಉಜ್ಜಿದ ಕೆಲಸದಲ್ಲಿ ಕೊರತೆಯಿರಲಿಲ್ಲ. ತಪ್ಪು ಆಕಾರಕ್ಕೆ ಅತ್ಯಂತ ನಿಷ್ಠೆಯಿಂದ ಉಜ್ಜಿದ್ದರು. ಒಂದೇ ಒಂದು ಅಳತೆಗೋಲನ್ನು ನಂಬಿ ಜೀವಮಾನವಿಡೀ ಸಾಧನೆ ಮಾಡಿದ ಮತನಿಷ್ಠರಿಗೂ ಇದಕ್ಕೂ ಹೋಲಿಕೆ ಹುಡುಕಲು ದೂರ ಹೋಗಬೇಕಿಲ್ಲ.

1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹಬಲ್‌ನ ದೋಷವನ್ನು ಸರಿಪಡಿಸಿದ ಬಗೆ ಇನ್ನೂ ಗಮನಿಸತಕ್ಕದ್ದು. ಮುಖ್ಯ ಕನ್ನಡಿಯನ್ನು ಬದಲಿಸಲಿಲ್ಲ. ಅಷ್ಟೇ ಪ್ರಮಾಣದ ವಿರುದ್ಧ ದೋಷವುಳ್ಳ ಪುಟ್ಟ ಕನ್ನಡಿಗಳನ್ನು ಬೆಳಕಿನ ದಾರಿಯಲ್ಲಿ ಇಟ್ಟರು. ಒಂದು ಬಾಗಿನ ತಪ್ಪನ್ನು ಎದುರಾಳಿ ಬಾಗು ತಿದ್ದಿತು. ನಮ್ಮ ದರ್ಶನಗಳಲ್ಲಿ ಪೂರ್ವಪಕ್ಷಕ್ಕೆ, ಅಂದರೆ ಎದುರಾಳಿಯ ವಾದಕ್ಕೆ, ಇಟ್ಟ ಜಾಗ ಇದೇ. ವಿಜಯನಗರದ ಕಾಲದ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಅದ್ವೈತಿಗಳು ಮಿಥ್ಯಾತ್ವಕ್ಕೆ ಕೊಟ್ಟ ಐದು ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿ ಬರೆದರು. ಎದುರು ನಿಂತು ಕೆದಕುವವರು ಇರದಿದ್ದರೆ ಮಿಥ್ಯಾ ಎಂಬ ಪದಕ್ಕೆ ಅಷ್ಟು ಹರಿತ ಬರುತ್ತಿರಲಿಲ್ಲ. ಮೂಲವನ್ನು ನೇರವಾಗಿ ಕಾಣಲಾಗದವರು ತಮ್ಮ ಬಾಗನ್ನು ಅರಿಯುವುದು ಹೀಗೆ: ಕಂಡದ್ದರಲ್ಲಿ ಎಲ್ಲಿ ಮಬ್ಬಿದೆ ಎಂದು ಪ್ರಾಮಾಣಿಕವಾಗಿ ಓದುವುದು, ಎರಡನೆಯ ಮೂರನೆಯ ಪರೀಕ್ಷೆಯನ್ನು ಕಸಕ್ಕೆ ಎಸೆಯದಿರುವುದು, ವಿರುದ್ಧ ಬಾಗಿನವನನ್ನು ಶತ್ರುವೆನ್ನದೆ ದಾರಿಯಲ್ಲಿ ನಿಲ್ಲಿಸಿಕೊಳ್ಳುವುದು.

ಹಾಗಾದರೆ ಎಲ್ಲರೂ ಕಂಡದ್ದು ಸಮಾನ ನಿಜ, ಯಾರನ್ನೂ ಪ್ರಶ್ನಿಸಬಾರದು ಎಂದಾಯಿತೇ? ಇಲ್ಲ. ಸುಣ್ಣ ಬಳಿದ ಗೋಡೆಯೂ ಬೆಳಕನ್ನು ಹಿಂದಿರುಗಿಸುತ್ತದೆ, ಅನೇಕ ಕನ್ನಡಿಗಳಿಗಿಂತ ಧಾರಾಳವಾಗಿಯೇ. ಆದರೆ ಅದರ ಒರಟು ಮೈ ಪ್ರತಿ ಕಿರಣವನ್ನೂ ಹತ್ತು ದಿಕ್ಕಿಗೆ ಎರಚುವುದರಿಂದ ಗೋಡೆಯಲ್ಲಿ ಮುಖ ಮೂಡುವುದಿಲ್ಲ. ಬೆಳಕು ಬೀಳುವುದು ಸಾಲದು, ಮೈ ನಯವಾಗಬೇಕು. ಸಾಧನೆ, ಶೀಲ, ವಿಚಾರ ಎಂದು ಹಿರಿಯರು ಕರೆದದ್ದು ಈ ಉಜ್ಜುವ ಕೆಲಸವನ್ನೇ. ಇನ್ನೊಂದು ಎಚ್ಚರವೂ ಬೇಕು. ದೀಪವನ್ನು ಇಷ್ಟು ಸ್ಪಷ್ಟವಾಗಿ ಮೂಡಿಸುವ ಅದೇ ನಿಮ್ನ ದರ್ಪಣವನ್ನು ಸೂರ್ಯನತ್ತ ತಿರುಗಿಸಿ ಸಂಗಮದಲ್ಲಿ ಹತ್ತಿ ಹಿಡಿದರೆ ಹೊತ್ತಿಕೊಳ್ಳುತ್ತದೆ. ಕ್ರಿಸ್ತಪೂರ್ವ ಕಾಲದ ಗ್ರೀಕ್ ಗಣಿತಜ್ಞ ಡಯೊಕ್ಲಿಸ್ ಸುಡುವ ಕನ್ನಡಿಗಳ ಮೇಲೆಯೇ ಗ್ರಂಥ ಬರೆದಿದ್ದ. ಒಂದು ಜನಸಮುದಾಯದ ಭಕ್ತಿಯೆಲ್ಲ ಒಂದೇ ಬಿಂದುವಿಗೆ ಕೂಡಿದಾಗ ಅಲ್ಲಿ ರೂಪವೂ ಮೂಡಬಹುದು, ಬೆಂಕಿಯೂ ಏಳಬಹುದು. ಸುಟ್ಟದ್ದನ್ನು ನೋಡಿ ಕನ್ನಡಿಯ ತಪ್ಪು ಹೇಳುವ ಹಕ್ಕು ಪಕ್ಕದಲ್ಲಿ ನಿಂತವರಿಗೆ ಇದ್ದೇ ಇದೆ.

ಉಳಿದ ಆಕ್ಷೇಪ ಎಲ್ಲಕ್ಕಿಂತ ಆಳದ್ದು. ಪ್ರತಿಬಿಂಬವೆಂದು ಕರೆದ ಕೂಡಲೇ ಬಿಂಬವಿದೆ ಎಂದು ಒಪ್ಪಿಕೊಂಡಂತೆ; ಸಾಧಿಸಬೇಕಾದ್ದನ್ನೇ ಹೆಸರಿನಲ್ಲಿ ಅಡಗಿಸಿಟ್ಟಂತಲ್ಲವೇ? ಈ ಆಕ್ಷೇಪವನ್ನು ಒಪ್ಪಬೇಕು. ಕಾಶ್ಮೀರದ ಅಭಿನವಗುಪ್ತ ತಂತ್ರಾಲೋಕದ ಮೂರನೆಯ ಆಹ್ನಿಕದಲ್ಲಿ, ಜಗತ್ತೆಲ್ಲ ಚೈತನ್ಯದ ಕನ್ನಡಿಯಲ್ಲಿ ಮೂಡಿದ ಪ್ರತಿಬಿಂಬ, ಅದಕ್ಕೆ ಹೊರಗೊಂದು ಬಿಂಬವೇ ಬೇಕಿಲ್ಲ ಎಂದು ವಾದಿಸಿದ. ಮನಸ್ಸು ಕಾಣುವ ದೇವರಿಗೆ ಮನಸ್ಸೇ ಮೂಲ ಎನ್ನುವ ನಾಸ್ತಿಕನೂ ಅದೇ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲ. ಸೂರ್ಯನಿಗೆ ರೂಪವಿದೆ, ನೀರು ಬೇರೆ ಇದೆ, ಬ್ರಹ್ಮಕ್ಕೆ ಇವೆರಡೂ ಇಲ್ಲವಲ್ಲ ಎಂಬ ಪ್ರಶ್ನೆಯನ್ನು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯವೇ ಎತ್ತಿದೆ. ನೀರು ಕದಲಿದಂತೆ ಬಿಂಬ ಕದಲಿತೆಂದು ತೋರುವ ಒಂದು ಅಂಶಕ್ಕಷ್ಟೇ ಹೋಲಿಕೆ, ಎಲ್ಲ ಅಂಶಗಳಲ್ಲೂ ಹೊಂದಿದರೆ ಅದು ದೃಷ್ಟಾಂತವಾಗಿ ಉಳಿಯುವುದೇ ಇಲ್ಲ ಎಂಬುದು ಶಂಕರರ ಭಾಷ್ಯದ ಉತ್ತರ. ಕನ್ನಡಿ ದೇವರಿದ್ದಾನೆಂದು ಸಾಧಿಸುವುದಿಲ್ಲ, ಇಲ್ಲವೆಂದೂ ಸಾಧಿಸುವುದಿಲ್ಲ. ಅದು ಎರಡು ಅವಸರದ ತೀರ್ಮಾನಗಳನ್ನು ತಡೆಯುತ್ತದೆ: ಬೇರೆ ಬೇರೆಯಾಗಿ ಕಂಡಿತೆಂದು ಎಲ್ಲವನ್ನೂ ತಳ್ಳಿಹಾಕುವುದು, ಮತ್ತು ನನಗೆ ನೆಟ್ಟಗೆ ಕಂಡಿತೆಂದು ನನ್ನದೊಂದನ್ನೇ ಸತ್ಯವೆಂದು ಸಾರುವುದು. ಈ ಎರಡರ ನಡುವೆ ಉಳಿಯುವ ಕೆಲಸ ತನ್ನ ಕನ್ನಡಿಯ ಬಾಗನ್ನು ಅಳೆದುಕೊಳ್ಳುವುದು. ಹಬಲ್‌ನ ದೊಡ್ಡ ಕನ್ನಡಿ ಇವತ್ತಿಗೂ ಅದೇ ತಪ್ಪು ಆಕಾರದಲ್ಲೇ ಇದೆ. ತಪ್ಪೆಷ್ಟೆಂದು ತಿಳಿದ ಮೇಲೆ ಅದು ತೋರಿಸಿದ ಆಕಾಶವನ್ನು ಜಗತ್ತು ನಂಬಿದೆ.